ದೊಡ್ಡ ಆಸ್ಪತ್ರೆ ದೂರ, ಮಗುವಿಗೆ ನೆಫ್ರೋಟಿಕ್ ಸಿಂಡ್ರೋಮ್: ಮನೆಯಲ್ಲಿ ನಾವೇನು ಮಾಡಬಹುದು?

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ. 14 ತಿಂಗಳ ಹಿಂದೆ ಒಂದು ಬೆಳಗ್ಗೆ ಅವನ ಕಣ್ಣು ಬಾತುಕೊಂಡಿತ್ತು. ಆಮೇಲೆ ಕಾಲು, ಹೊಟ್ಟೆ ಎಲ್ಲ ಊದಿಕೊಂಡವು. ನೆಫ್ರೋಟಿಕ್ ಸಿಂಡ್ರೋಮ್ ಅಂದರು. 12 ವಾರ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟ ಮೇಲೆ ಪೂರ್ತಿ ಚೆನ್ನಾಗಿದ್ದ. ಈಗ ಎರಡನೇ ಸಲ ಮರುಕಳಿಸಿದೆ. ಕಿಡ್ನಿ ತಜ್ಞರಿರುವ ಆಸ್ಪತ್ರೆಗೆ ಹೋಗಿ ಬರಲು ಎರಡು ದಿನ ಬೇಕು. ಹತ್ತಿರ ಇರುವುದು ಒಬ್ಬರೇ ಡಾಕ್ಟರ್ ಇರುವ ಸಣ್ಣ ಕ್ಲಿನಿಕ್. ಮೂತ್ರ ಪರೀಕ್ಷೆಯ ಪಟ್ಟಿ ಅಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ. ಮುಖ ಊದುತ್ತದೆ, ಸ್ಟೀರಾಯ್ಡ್ ನಿಲ್ಲಿಸಿಬಿಡಿ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಅವನ ಕಿಡ್ನಿ ಹಾಳಾಗುತ್ತಿದೆಯಾ? ಇಷ್ಟು ದೂರದಲ್ಲಿದ್ದುಕೊಂಡು ನಾವೇನು ಮಾಡಬಹುದು?

ಉತ್ತರ: ಮೊದಲು ತುರ್ತಿನ ಮಾತು. ಮಾತ್ರೆ ನಿಲ್ಲಿಸಬೇಡಿ. ಯಾಕೆ ಅಂತ ಆಮೇಲೆ ವಿವರವಾಗಿ ಹೇಳುತ್ತೇನೆ. ಈ ಪತ್ರ ಓದಿ ಮುಗಿಸುವ ತನಕವಾದರೂ ಆ ಯೋಚನೆ ಪಕ್ಕಕ್ಕಿಡಿ.

ಇನ್ನು ನಿಮ್ಮ ದೊಡ್ಡ ಭಯ, ಕಿಡ್ನಿ ಹಾಳಾಗುತ್ತಿದೆಯಾ ಅನ್ನುವುದು. ನೀವು ಬರೆದಿರುವುದನ್ನು ನೋಡಿದರೆ ಹಾಗೆ ಅನಿಸುವುದಿಲ್ಲ. ಕಿಡ್ನಿಯೊಳಗೆ ರಕ್ತ ಸೋಸುವ ಜರಡಿಗಳಿವೆ. ಆ ಜರಡಿಯ ಹೊರಮೈಗೆ ಸಣ್ಣ ಸಣ್ಣ ಪಾದಗಳಿರುವ ಕೋಶಗಳು ಒಂದರ ಸಂದಿಯಲ್ಲಿ ಒಂದು ಕಾಲೂರಿ ಕೂತಿರುತ್ತವೆ. ಈ ಕಾಯಿಲೆಯಲ್ಲಿ ಆ ಪಾದಗಳು ಚಪ್ಪಟೆಯಾಗುತ್ತವೆ, ಜರಡಿ ಸೋರಲು ಶುರುವಾಗುತ್ತದೆ. ರಕ್ತದಲ್ಲಿ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಹರಿದುಹೋಗುತ್ತದೆ. ನೀರು ರಕ್ತನಾಳ ಬಿಟ್ಟು ಚರ್ಮದ ಕೆಳಗೆ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಸ್ಟೀರಾಯ್ಡ್‌ಗೆ ಬಗ್ಗುವ ಮಕ್ಕಳಲ್ಲಿ ಈ ಸೋರಿಕೆ ನಿಲ್ಲುತ್ತದೆ, ಪಾದಗಳು ಮತ್ತೆ ಮೊದಲಿನಂತಾಗುತ್ತವೆ. ಕಿಡ್ನಿಯ ಕೆಲಸ ಸಾಮಾನ್ಯವಾಗಿ ಚೆನ್ನಾಗಿಯೇ ಉಳಿಯುತ್ತದೆ. ಹೆಚ್ಚಿನ ಮಕ್ಕಳು ದೊಡ್ಡವರಾಗುವಷ್ಟರಲ್ಲಿ ಇದರಿಂದ ಹೊರಬರುತ್ತಾರೆ.

ಮೊದಲ ಸಲ ಸ್ಟೀರಾಯ್ಡ್ ಕೊಟ್ಟಾಗ ನಿಮ್ಮ ಮಗ ಪೂರ್ತಿ ಸರಿಹೋದ ಅಂದಿರಲ್ಲ, ಅವನ ಬಗ್ಗೆ ಸದ್ಯಕ್ಕೆ ಗೊತ್ತಿರುವುದರಲ್ಲೆಲ್ಲ ಬಹಳ ಮುಖ್ಯವಾದ ವಿಷಯ ಅದು. ಸ್ಕ್ಯಾನ್‌ಗಿಂತ, ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಬಯಾಪ್ಸಿಗಿಂತ ಅದು ಜಾಸ್ತಿ ಹೇಳುತ್ತದೆ. ಹಲವು ದೇಶಗಳ ಮಕ್ಕಳ ಡಾಕ್ಟರುಗಳು 1967ರಿಂದ ಒಟ್ಟಾಗಿ ನಡೆಸಿದ ದೊಡ್ಡ ಅಧ್ಯಯನ ಒಂದಿದೆ. ಅದರಲ್ಲಿ 521 ಮಕ್ಕಳ ಬಯಾಪ್ಸಿ ನೋಡಿದಾಗ ನಾಲ್ವರಲ್ಲಿ ಮೂವರಿಗೆ ಇದ್ದದ್ದು ಈಗ ಹೇಳಿದ, ಪಾದ ಚಪ್ಪಟೆಯಾಗುವ ಸೌಮ್ಯ ರೂಪ. ಆ ರೂಪದವರಲ್ಲಿ ನೂರಕ್ಕೆ 93 ಮಕ್ಕಳು ಸ್ಟೀರಾಯ್ಡ್‌ಗೆ ಸರಿಹೋದರು. ಅದಕ್ಕೇ ಇವತ್ತಿಗೂ ಒಂದರಿಂದ 12 ವರ್ಷದ ಮಗುವಿಗೆ ಬೇರೆ ಅನುಮಾನ ಇಲ್ಲದಿದ್ದರೆ ಬಯಾಪ್ಸಿ ಮಾಡದೆಯೇ ಚಿಕಿತ್ಸೆ ಶುರುಮಾಡುತ್ತೇವೆ. ಸೌಕರ್ಯ ಇಲ್ಲ ಅಂತ ಹಾಗೆ ಮಾಡುವುದಲ್ಲ. ದೊಡ್ಡ ಆಸ್ಪತ್ರೆಗಳಲ್ಲೂ ಇದೇ ಕ್ರಮ.

ಮರುಕಳಿಸಿದ್ದು ಚಿಕಿತ್ಸೆ ಸೋತಿತು ಅಂತ ಅಲ್ಲ. ಸ್ಟೀರಾಯ್ಡ್‌ಗೆ ಸರಿಹೋದ ಮಕ್ಕಳಲ್ಲಿ ನಾಲ್ವರಲ್ಲಿ ಮೂವರಿಗಾದರೂ ಒಂದಲ್ಲ ಒಂದು ಸಲ ಮರುಕಳಿಸುತ್ತದೆ. ಎಷ್ಟೋ ಸಲ ಒಂದು ಸಣ್ಣ ನೆಗಡಿಯ ಬೆನ್ನಿಗೇ ಬರುತ್ತದೆ. ನೀವು ಮಾಡಿದ ಯಾವ ತಪ್ಪಿನಿಂದಲೂ ಅದು ಬಂದದ್ದಲ್ಲ.

ಹಾಗಾದರೆ ಈ ಕಾಯಿಲೆಯಲ್ಲಿ ಮಕ್ಕಳ ಜೀವಕ್ಕೆ ಅಪಾಯ ಎಲ್ಲಿಂದ? ಹೆಚ್ಚಾಗಿ ಸೋಂಕಿನಿಂದ. ಆಂಟಿಬಯಾಟಿಕ್, ಸ್ಟೀರಾಯ್ಡ್ ಎರಡೂ ಇಲ್ಲದ ಕಾಲದಲ್ಲಿ ಈ ಕಾಯಿಲೆ ಬಂದ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಇಬ್ಬರು ಉಳಿಯುತ್ತಿರಲಿಲ್ಲ. ಅವರನ್ನು ಹೆಚ್ಚಾಗಿ ಕೊಂದದ್ದು ಕಿಡ್ನಿ ಅಲ್ಲ, ಸೋಂಕು. ಆಲ್ಬುಮಿನ್ ಜೊತೆಗೆ ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನುಗಳೂ ಮೂತ್ರದಲ್ಲಿ ಹೋಗಿಬಿಡುತ್ತವೆ. ಹೊಟ್ಟೆಯಲ್ಲಿ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತವೆ. ಇದನ್ನು ಹೇಳುತ್ತಿರುವುದು ಹೆದರಿಸಲಿಕ್ಕಲ್ಲ. ಎಲ್ಲಿ ಕಣ್ಣಿಡಬೇಕು ಅಂತ ನಿಮಗೆ ಗೊತ್ತಿರಲಿ ಅಂತ. ಸೋರಿಕೆ ಬೇಗ ಗೊತ್ತಾಗಬೇಕು, ಸೋಂಕು ಬೇಗ ಗೊತ್ತಾಗಬೇಕು. ಈ ಎರಡೂ ಗೊತ್ತಾಗುವುದು ಮೊದಲು ಮನೆಯಲ್ಲಿ, ನಿಮಗೆ.

ಅದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಬೆಳಗಿನ ಮೊದಲ ಮೂತ್ರ, ಮತ್ತು ಒಂದು ತೂಕದ ಯಂತ್ರ. ಇಷ್ಟು ವರ್ಷ ಈ ಮಕ್ಕಳನ್ನು ನೋಡಿದ ಮೇಲೆ ನನಗೆ ಇದರಲ್ಲಿ ಅನುಮಾನವೇ ಇಲ್ಲ: ತಜ್ಞರ ಪಕ್ಕದ ಬೀದಿಯಲ್ಲೇ ಇದ್ದು ನೋಟ್‌ಬುಕ್ ಇಡದ ಮನೆಯ ಮಗುವಿಗಿಂತ, ದೂರದಲ್ಲಿದ್ದು ನೋಟ್‌ಬುಕ್ ಇಡುವ ಮನೆಯ ಮಗು ಹೆಚ್ಚು ಸುರಕ್ಷಿತ.

ಪರೀಕ್ಷೆಯ ಪಟ್ಟಿ ಸಿಕ್ಕರೆ ಒಳ್ಳೆಯದು. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಡಿ, ತೇವ ತಾಗಿದರೆ ಪಟ್ಟಿ ಕೆಡುತ್ತದೆ. ಸಿಗಲಿಲ್ಲ ಅಂದರೆ ಮೂತ್ರ ಕಾಯಿಸಿ ನೋಡುವ ಹಳೆಯ ವಿಧಾನ ಇದ್ದೇ ಇದೆ. ಊತಕ್ಕೂ, ಮೂತ್ರದ ಪ್ರೋಟೀನಿಗೂ, ಕಿಡ್ನಿ ಕಾಯಿಲೆಗೂ ಇರುವ ನಂಟನ್ನು 1827ರಲ್ಲಿ ಬರೆದಿಟ್ಟವರು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಅವರು ಹೇಳಿಕೊಟ್ಟ ಪರೀಕ್ಷೆ ಅಂದರೆ ಒಂದು ಚಮಚ ಮೂತ್ರವನ್ನು ಮೇಣದಬತ್ತಿಯ ಮೇಲೆ ಹಿಡಿದು ಕಾಯಿಸುವುದು, ಅಷ್ಟೇ. ಈಗಲೂ ಅದು ಕೆಲಸ ಮಾಡುತ್ತದೆ.

ಮಾಡುವುದು ಹೀಗೆ. ಮಗು ಎದ್ದ ಕೂಡಲೇ ಮಾಡಿದ ಮೂತ್ರವನ್ನು ಒಂದು ಸ್ವಚ್ಛವಾದ ಲೋಟದಲ್ಲಿ ಹಿಡಿಯಿರಿ. ಗಾಜಿನ ಟೆಸ್ಟ್ ಟ್ಯೂಬಿನ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ತುಂಬಿಸಿ. ಬುಡದ ಹತ್ತಿರ ಚಿಮುಟದಲ್ಲಿ ಹಿಡಿದು, ಓರೆ ಮಾಡಿ, ಮೂತ್ರದ ಮೇಲಿನ ಭಾಗವನ್ನು ಮಾತ್ರ ಉರಿಗೆ ತೋರಿಸಿ. ಬಾಯಿ ಯಾರ ಮುಖದ ಕಡೆಗೂ ಇರಬಾರದು, ಕುದಿಯುವಾಗ ಚಿಮ್ಮುತ್ತದೆ. ಮಕ್ಕಳು ಹತ್ತಿರ ಇರಬಾರದು. ಮೇಲ್ಭಾಗ ಕುದಿ ಬಂದಾಗ ಬೆಳಕಿಗೆ ಹಿಡಿದು, ಕೆಳಗಿನ ಕಾಯದ ಮೂತ್ರದ ಜೊತೆ ಹೋಲಿಸಿ. ಬೆಳ್ಳಗೆ ಮಬ್ಬಾಗಿದೆಯಾ? ಹಾಗಿದ್ದರೆ ಎರಡು ಮೂರು ಹನಿ ವಿನೆಗರ್ ಹಾಕಿ. ಮಬ್ಬು ಮಾಯವಾದರೆ ಅದು ಬರೀ ಲವಣ, ಚಿಂತೆ ಬೇಡ. ಉಳಿದರೆ ಪ್ರೋಟೀನ್. ಎಷ್ಟಿದೆ ಅಂತ ತಿಳಿಯಲು ಟ್ಯೂಬಿನ ಹಿಂದೆ ಅಚ್ಚಾದ ಕಾಗದ ಹಿಡಿಯಿರಿ. ಅಕ್ಷರ ಸಲೀಸಾಗಿ ಓದಲು ಬಂದರೆ ಒಂದು ಪ್ಲಸ್. ಗೆರೆ ಕಾಣುತ್ತದೆ, ಆದರೆ ಓದಲು ಬರುವುದಿಲ್ಲ ಅಂದರೆ ಎರಡು. ಹಿಂದಿನದು ಏನೂ ಕಾಣದೆ ಬಿಳಿ ಚೂರುಗಳು ತೇಲುತ್ತಿದ್ದರೆ ಮೂರು. ಒಡೆದ ಹಾಲಿನಂತೆ ಗಟ್ಟಿಯಾಗಿ ತಳಕ್ಕೆ ಕೂತರೆ ನಾಲ್ಕು. ಮೊದಲ ಒಂದೆರಡು ಸಲ ಕ್ಲಿನಿಕ್ಕಿನಲ್ಲಿ ಅವರ ಕಣ್ಣೆದುರು ಮಾಡಿ ಕಲಿತುಕೊಳ್ಳಿ. ವಾರದೊಳಗೆ ಕೈ ಪಳಗುತ್ತದೆ.

ಒಬ್ಬ ಅಜ್ಜಿ ನೆನಪಾಗುತ್ತಾರೆ. ಓದು ಬರಹ ಬರದವರು, ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದರು. ಅವರ ನೋಟ್‌ಬುಕ್ಕಿನಲ್ಲಿ ಅಂಕಿಗಳಿರಲಿಲ್ಲ, ಸಾಲು ಸಾಲಾಗಿ ಸೊನ್ನೆಗಳಿದ್ದವು. ಮೂತ್ರ ತಿಳಿಯಾಗಿದ್ದರೆ ಖಾಲಿ ಸೊನ್ನೆ. ಸ್ವಲ್ಪ ಮಬ್ಬಾದರೆ ಅರ್ಧ ತುಂಬಿದ್ದು. ಗಟ್ಟಿಯಾದರೆ ಪೂರ್ತಿ ಕಪ್ಪು. ಮಾತ್ರೆ ಕೊಟ್ಟ ದಿನ ಕೆಳಗೊಂದು ಗೀಟು. ಎರಡು ವರ್ಷದ ಕಥೆ ನನಗೆ ಒಂದೇ ನಿಮಿಷದಲ್ಲಿ ಅರ್ಥವಾಯಿತು. ಎಷ್ಟೋ ದೊಡ್ಡ ಫೈಲುಗಳಲ್ಲಿ ನನಗೆ ಅಷ್ಟು ಸ್ಪಷ್ಟವಾದ ಮಾಹಿತಿ ಸಿಕ್ಕಿಲ್ಲ.

ನೀವು ದಿನಾಂಕ, ಮೂತ್ರದ ಫಲಿತಾಂಶ, ಬೆಳಗಿನ ತೂಕ, ಕೊಟ್ಟ ಮಾತ್ರೆ, ಜ್ವರ ಕೆಮ್ಮು ಏನಾದರೂ ಇದ್ದರೆ ಅದು, ಇಷ್ಟನ್ನು ಬರೆಯಿರಿ. ಕಾಯಿಲೆ ಹಿಡಿತದಲ್ಲಿರುವಾಗ ಮೂತ್ರ ಪರೀಕ್ಷೆ ವಾರಕ್ಕೆ ಎರಡು ಮೂರು ಸಲ ಸಾಕು. ನೆಗಡಿ, ಜ್ವರ ಬಂದಾಗ ಅಥವಾ ಕಣ್ಣು ಊದಿದಂತೆ ಕಂಡಾಗ ದಿನಾ ಮಾಡಿ. ಸತತ ಮೂರು ಬೆಳಗ್ಗೆ ಮೂರು ಅಥವಾ ನಾಲ್ಕು ಪ್ಲಸ್ ಬಂದರೆ ಮರುಕಳಿಸಿತು ಅಂತ ಅರ್ಥ. ಊತ ಬರುವ ತನಕ ಕಾಯಬೇಡಿ. ಊತಕ್ಕೆ ಮೊದಲೇ ಹಿಡಿದರೆ ಆಸ್ಪತ್ರೆಯ ಮಾತೇ ಎಷ್ಟೋ ಸಲ ಬರುವುದಿಲ್ಲ. ಸತತ ಮೂರು ದಿನ ತಿಳಿಯಾಗಿ ಅಥವಾ ಕಂಡೂ ಕಾಣದಷ್ಟು ಮಬ್ಬಾಗಿ ಬಂದರೆ ಸೋರಿಕೆ ನಿಂತಿತು ಅಂತ.

ಈಗ ಮಾತ್ರೆಯ ವಿಷಯ. ಮರುಕಳಿಸಿದಾಗ ಸಾಮಾನ್ಯ ಕ್ರಮ ಇದು: ಪ್ರೆಡ್ನಿಸೋಲೋನ್ ತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ, ದಿನಕ್ಕೆ 60 ಮಿಲಿಗ್ರಾಂ ಮೀರದಂತೆ. ಬೆಳಗ್ಗೆ ಏನಾದರೂ ತಿಂದ ಮೇಲೆ, ಮೂತ್ರ ಸತತ ಮೂರು ದಿನ ತಿಳಿಯಾಗುವ ತನಕ. ಆಮೇಲೆ ಕಿಲೋಗೆ 1.5 ಮಿಲಿಗ್ರಾಂ, 40 ಮೀರದಂತೆ, ದಿನ ಬಿಟ್ಟು ದಿನ, 4 ವಾರ. ನಿಮ್ಮ ಮಗನ ಲೆಕ್ಕವನ್ನು ಡಾಕ್ಟರೇ ಬರೆದುಕೊಡಬೇಕು. ಒಂದನ್ನು ಮಾತ್ರ ಅವರಿಗೆ ನೆನಪಿಸಿ. ಲೆಕ್ಕ ಹಾಕಬೇಕಾದದ್ದು ಊತ ಇಲ್ಲದಾಗಿನ ತೂಕಕ್ಕೆ. 18 ಕಿಲೋ ಮಗು ನೀರು ತುಂಬಿ 22 ತೂಗಿದರೆ, ಆ 4 ಕಿಲೋ ನೀರಿಗೆ ಔಷಧಿ ಬೇಡ, ಅಲ್ವಾ? ನಿಮ್ಮ ನೋಟ್‌ಬುಕ್ಕಿನಲ್ಲಿ ಹಳೆಯ ತೂಕ ಇದ್ದರೆ ಈ ತಪ್ಪೇ ಆಗುವುದಿಲ್ಲ.

ಹೆಚ್ಚಿನ ಮಕ್ಕಳಲ್ಲಿ 7ರಿಂದ 10 ದಿನದಲ್ಲಿ ಮೂತ್ರ ತಿಳಿಯಾಗುತ್ತದೆ. ಎರಡು ವಾರ ಕಳೆದರೂ ಆಗದಿದ್ದರೆ ತಜ್ಞರಿಗೆ ತಿಳಿಸಿ. ಹಾಗೆಯೇ ಜಾಸ್ತಿ ದಿನ ಕೊಟ್ಟರೆ ಜಾಸ್ತಿ ಒಳ್ಳೆಯದು ಅಂತಲೂ ಇಲ್ಲ. ಮೊದಲ ಸಲದ ಚಿಕಿತ್ಸೆಯನ್ನು 8 ವಾರ ಕೊಟ್ಟರೂ 16 ವಾರ ಕೊಟ್ಟರೂ ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು ಬ್ರಿಟನ್ನಿನ 237 ಮಕ್ಕಳ ಮೇಲಿನ ಅಧ್ಯಯನ 2019ರಲ್ಲಿ ತೋರಿಸಿತು. ಹಾಗಾಗಿ ಬರೆದುಕೊಟ್ಟ ದಿನ ಮುಗಿದ ಮೇಲೆ ಭಯಕ್ಕೆ ಸುಮ್ನೆ ಎಳೆಯುವುದೂ ಬೇಡ.

ನಿಲ್ಲಿಸಬೇಡಿ ಅಂದದ್ದು ಯಾಕೆ ಅಂತ ಈಗ ಹೇಳುತ್ತೇನೆ. ನಮ್ಮ ದೇಹವೂ ಒಂದು ಸ್ಟೀರಾಯ್ಡ್ ತಯಾರಿಸುತ್ತದೆ. ಹೊರಗಿನಿಂದ ಮಾತ್ರೆ ಬರತೊಡಗಿದ ಮೇಲೆ ದೇಹದ ತಯಾರಿಕೆ ಮಲಗಿಬಿಡುತ್ತದೆ. ಮಾತ್ರೆ ತಟ್ಟನೆ ನಿಂತರೆ ಕೈಯಲ್ಲಿ ಎರಡೂ ಇಲ್ಲ. ಹೀಗೆ ನಿಲ್ಲಿಸಿದ ಒಂದು ಮನೆಯ ಹುಡುಗಿ ಐದು ದಿನದ ಮೇಲೆ ವಾಂತಿಯಾಗಿ, ಮೈ ತಣ್ಣಗಾಗಿ, ಕಣ್ಣು ಬಿಡಲಾರದ ಸ್ಥಿತಿಯಲ್ಲಿ ನಮ್ಮಲ್ಲಿಗೆ ಬಂದಿದ್ದಳು. ಉಳಿದಳು. ಆದರೆ ಆ ರಾತ್ರಿ ಅವಳ ಅಪ್ಪ ಕೂತಿದ್ದ ಭಂಗಿ ನನಗೆ ಇನ್ನೂ ಮರೆತಿಲ್ಲ. ಮಗಳಿಗೆ ಒಳ್ಳೆಯದಾಗಲಿ ಅಂತಲೇ ನಿಲ್ಲಿಸಿದ್ದರು ಅವರು. ನಿಮ್ಮ ಮನೆಯವರ ಮಾತಿನ ಹಿಂದೆ ಇರುವುದೂ ಅದೇ ಪ್ರೀತಿ. ಅವರಿಗೆ ಇದನ್ನು ಓದಿ ಹೇಳಿ.

ಕಳೆದ ಒಂದು ವರ್ಷದಲ್ಲಿ ಎರಡು ವಾರಕ್ಕಿಂತ ಜಾಸ್ತಿ ಸ್ಟೀರಾಯ್ಡ್ ತೆಗೆದುಕೊಂಡ ಮಗುವಿಗೆ ಜೋರು ಜ್ವರ, ಪದೇ ಪದೇ ವಾಂತಿ ಅಥವಾ ಆಪರೇಷನ್ ಬಂದರೆ ಹೆಚ್ಚಿನ ಸ್ಟೀರಾಯ್ಡ್ ಬೇಕಾಗಬಹುದು. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಸಿಡಿ. ಅಪರಿಚಿತ ಡಾಕ್ಟರ್ ಕೈಗೆ ಮಗು ಸಿಕ್ಕಾಗ ಆ ಒಂದು ಸಾಲು ಜೀವ ಉಳಿಸುತ್ತದೆ.

ಮುಖ ಊದುವುದರ ಬಗ್ಗೆ. ಎರಡು ಬಗೆಯ ಊತವನ್ನು ಬೇರೆ ಮಾಡಿ ನೋಡಿ. ಕಾಯಿಲೆಯ ಊತ ಬೆಳಗ್ಗೆ ಕಣ್ಣಿನ ಸುತ್ತ ಜಾಸ್ತಿ, ಸಂಜೆಗೆ ಕಾಲಿಗೆ ಇಳಿಯುತ್ತದೆ. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತದೆ. ತೂಕ ಎರಡು ಮೂರು ದಿನದಲ್ಲೇ ಏರುತ್ತದೆ. ಸ್ಟೀರಾಯ್ಡ್‌ನ ಕೆನ್ನೆ ದುಂಡಗಾಗುತ್ತದೆ, ಒತ್ತಿದರೆ ಗುಳಿ ಬೀಳುವುದಿಲ್ಲ, ವಾರಗಟ್ಟಲೆ ನಿಧಾನವಾಗಿ ಬರುತ್ತದೆ, ಮಾತ್ರೆ ಮುಗಿದ ಮೇಲೆ ಇಳಿಯುತ್ತದೆ. ಹಸಿವು ಜಾಸ್ತಿಯಾಗುವುದು, ಸಿಡಿಮಿಡಿ, ಇವೂ ಬರುತ್ತವೆ. ಆ ದಿನಗಳಲ್ಲಿ ಅವನ ಹಟಕ್ಕೆ ಅವನನ್ನು ಬೈಯಬೇಡಿ, ಪಾಪ, ಅದರಲ್ಲಿ ಅರ್ಧ ಮಾತ್ರೆಯದು. ಬಿ.ಪಿ.ಯನ್ನು ಮಕ್ಕಳ ಅಳತೆಯ ಪಟ್ಟಿಯಲ್ಲೇ ನೋಡಿಸಿ. ದೊಡ್ಡವರ ಪಟ್ಟಿ ಕಟ್ಟಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆರು ತಿಂಗಳಿಗೊಮ್ಮೆ ಎತ್ತರ ಅಳೆಯಿರಿ, ವರ್ಷಕ್ಕೊಮ್ಮೆ ಕಣ್ಣು ತೋರಿಸಿ.

ಊಟದಲ್ಲಿ ಊತ ಇರುವಾಗ ಉಪ್ಪು ಕಡಿಮೆ ಮಾಡಿ. ಪ್ಯಾಕೆಟ್ಟಿನ ಕುರುಕಲು ತಿಂಡಿ ಪೂರ್ತಿ ಬೇಡ. ಪ್ರೋಟೀನ್ ಹೋಗುತ್ತಿದೆ ಅಂತ ಪ್ರೋಟೀನ್ ಪುಡಿ ತಿನ್ನಿಸಿದರೆ ಸೋರಿಕೆ ಕಡಿಮೆಯಾಗುವುದಿಲ್ಲ, ಆ ವಯಸ್ಸಿನ ಮಗುವಿನ ಮಾಮೂಲಿ ಊಟ ಸಾಕು. ನೀರನ್ನು ನೀವಾಗಿಯೇ ಕಟ್ಟುನಿಟ್ಟಾಗಿ ನಿಲ್ಲಿಸಬೇಡಿ. ನೋವಿಗೆ, ಜ್ವರಕ್ಕೆ ಐಬುಪ್ರೊಫೇನ್ ಬೇಡ, ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಏನು ಸೇರಿದೆ ಅಂತ ಗೊತ್ತಿಲ್ಲದ ಪುಡಿ, ಕಷಾಯ ಯಾವುದೂ ಬೇಡ.

ಊತ ಇಳಿಸುವ ಫ್ಯೂರೋಸಮೈಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನಿಂದಲೇ ಇದರಲ್ಲಿ ಎಡವುತ್ತಾರೆ. ಮಗು ಊದಿಕೊಂಡಿದೆ, ನೀರು ತೆಗೆಯೋಣ ಅನಿಸುವುದು ಸಹಜ. ಆದರೆ ನೀರು ಜಾಸ್ತಿ ಇರುವುದು ಚರ್ಮದ ಕೆಳಗೆ. ರಕ್ತನಾಳದೊಳಗೆ ಎಷ್ಟೋ ಸಲ ಕಡಿಮೆಯೇ ಇರುತ್ತದೆ. ಹೊಟ್ಟೆನೋವು, ವಾಂತಿ ಭೇದಿ, ತಣ್ಣನೆಯ ಕೈಕಾಲು, ನಿಂತರೆ ತಲೆಸುತ್ತು, ಮೂತ್ರ ತೀರಾ ಕಡಿಮೆ, ಹೀಗಿರುವ ಮಗುವಿಗೆ ಈ ಔಷಧಿ ಕೊಟ್ಟರೆ ಬಿ.ಪಿ. ಕುಸಿಯಬಹುದು, ರಕ್ತ ಹೆಪ್ಪುಗಟ್ಟಬಹುದು. ಮನೆಯಲ್ಲಿ ಹಳೆಯ ಮಾತ್ರೆ ಉಳಿದಿದ್ದರೂ ನೀವೇ ಕೊಡಬೇಡಿ. ಪ್ರೆಡ್ನಿಸೋಲೋನ್ ಕೆಲಸ ಶುರುಮಾಡಿದರೆ ಮಗು ತಾನಾಗಿಯೇ ಧಾರಾಳವಾಗಿ ಮೂತ್ರ ಮಾಡುತ್ತದೆ. ಆ ದಿನ ತೂಕದ ಪುಟ ನೋಡಿ ನಿಮಗೆ ಎಷ್ಟು ಸಮಾಧಾನ ಆಗುತ್ತದೆ ಅಂತ ನನಗೆ ಗೊತ್ತು.

ಯಾವಾಗ ಕಾಯದೆ ಓಡಬೇಕು? ಊತ ಇರುವ ಮಗುವಿಗೆ ಜ್ವರದ ಜೊತೆ ಹೊಟ್ಟೆನೋವು ಬಂದರೆ ಅದು ಹೊಟ್ಟೆಯ ನೀರಿಗೆ ಸೋಂಕು ತಗುಲಿದ ಲಕ್ಷಣ ಇರಬಹುದು. ಗಂಟೆಗಳ ಲೆಕ್ಕದಲ್ಲಿ ಆಂಟಿಬಯಾಟಿಕ್ ಇಂಜೆಕ್ಷನ್ ಬೇಕು. ಇದಕ್ಕೆ ತಜ್ಞರ ತನಕ ಹೋಗಬೇಡಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಮೊದಲ ಡೋಸ್ ಹಾಕಿಸಿ, ಆಮೇಲೆ ಹೊರಡಿ. ಸ್ಟೀರಾಯ್ಡ್ ತೆಗೆದುಕೊಳ್ಳುವಾಗ ಜ್ವರವೂ ನೋವೂ ಮಂಕಾಗಿ ಕಾಣಬಹುದು. ಹಾಗಾಗಿ ಮಗು ಮಂಕಾಗಿದೆ, ಆಟ ಬೇಡ ಅನ್ನುತ್ತಿದೆ ಅಂತ ನಿಮಗೆ ಅನಿಸಿದರೆ ಆ ಅನಿಸಿಕೆಯನ್ನು ನಂಬಿ. ಚರ್ಮ ಕೆಂಪಾಗಿ ಬಿಸಿಯಾಗಿ ನೋಯುವುದು, ಉಸಿರಾಟ ಕಷ್ಟವಾಗುವುದು, ಒಂದೇ ಕಾಲು ಊದಿ ನೋಯುವುದು, ಜೋರು ತಲೆನೋವಿನ ಜೊತೆ ವಾಂತಿ, ಫಿಟ್ಸ್, ಇವೆಲ್ಲ ಅದೇ ದಿನ, ಅದೇ ಗಂಟೆಯ ವಿಷಯ. ಮನೆಯಲ್ಲೋ ಶಾಲೆಯಲ್ಲೋ ಯಾರಿಗಾದರೂ ಚಿಕನ್‌ಪಾಕ್ಸ್ ಬಂದು, ನಿಮ್ಮ ಮಗನಿಗೆ ಅದು ಹಿಂದೆ ಬಂದಿಲ್ಲ, ಲಸಿಕೆಯೂ ಆಗಿಲ್ಲ ಅಂದರೆ, ಗುಳ್ಳೆ ಏಳುವ ತನಕ ಕಾಯದೆ ಅವತ್ತೇ ಡಾಕ್ಟರಿಗೆ ಹೇಳಿ.

ಲಸಿಕೆಗಳ ಪಟ್ಟಿಯನ್ನು ಕ್ಲಿನಿಕ್ಕಿನಲ್ಲಿ ಕೂತು ನೋಡಿ. ನ್ಯುಮೋನಿಯಾ ತರುವ ನ್ಯೂಮೋಕಾಕಸ್ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ ಈ ಮಕ್ಕಳಿಗೆ ಬಹಳ ಮುಖ್ಯ. ದಡಾರ, ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆಗಳನ್ನು ಹೆಚ್ಚಿನ ಡೋಸ್ ಸ್ಟೀರಾಯ್ಡ್ ನಡೆಯುವಾಗ ಹಾಕಿಸಬಾರದು. ಯಾವಾಗ ಹಾಕಿಸಬಹುದು ಅಂತ ಕೇಳಿ ನೋಟ್‌ಬುಕ್ಕಿನಲ್ಲಿ ದಿನ ಗುರುತು ಮಾಡಿ. ಕ್ಷಯ ಇದೆಯೇ ಎಂದು ಮೊದಲ ಸಲ ನೋಡಿರದಿದ್ದರೆ ಈಗ ನೋಡಿಸಿ.

ಇನ್ನು ಆ ಎರಡು ದಿನದ ಪ್ರಯಾಣ. ಪ್ರತಿ ಸಲ ಮರುಕಳಿಸಿದಾಗಲೂ ಅದು ಬೇಕಿಲ್ಲ. ಒಂದೇ ಒಂದು ಸಲ ಹೋಗಿ, ತಜ್ಞರಿಂದ ಬರಹದಲ್ಲಿ ಯೋಜನೆ ಮಾಡಿಸಿಕೊಂಡು ಬನ್ನಿ: ಮರುಕಳಿಸಿದರೆ ಎಷ್ಟು ಮಾತ್ರೆ, ಎಷ್ಟು ದಿನ, ಯಾವಾಗ ಫೋನ್ ಮಾಡಬೇಕು. ನಿಮ್ಮ ಕ್ಲಿನಿಕ್ಕಿನ ಡಾಕ್ಟರಿಗೂ ಅವರಿಗೂ ಪರಿಚಯ ಮಾಡಿಸಿ. ಆಮೇಲೆ ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸಿದರೂ ಎಷ್ಟೋ ಸಲ ಸಾಕಾಗುತ್ತದೆ. ಪ್ರೆಡ್ನಿಸೋಲೋನ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇಟ್ಟಿದೆ. ಅದನ್ನು ಸದಾ ಸ್ವಲ್ಪ ಇಟ್ಟುಕೊಳ್ಳಿ ಎಂದು ಕ್ಲಿನಿಕ್ಕಿನವರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ತಜ್ಞರನ್ನು ಖುದ್ದಾಗಿ ನೋಡಲೇಬೇಕಾದ ಸಂದರ್ಭಗಳೂ ಇವೆ. ಮೂತ್ರ ಕೆಂಪಗೆ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ, ಬಿ.ಪಿ. ಏರಿಯೇ ಇದ್ದರೆ, ಕಿಡ್ನಿಯ ಕೆಲಸ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಜಾಸ್ತಿ ಬಂದರೆ, ಕೀಲುನೋವು, ಮೈಮೇಲೆ ದದ್ದು ಇದ್ದರೆ ಹೋಗಿ. ದಿನಾ ಮಾತ್ರೆ 6 ವಾರ ತೆಗೆದುಕೊಂಡರೂ ಸೋರಿಕೆ ನಿಲ್ಲದಿದ್ದರೂ ಹೋಗಬೇಕು. ಆ ಕೊನೆಯದು ಬೇರೆಯೇ ದಾರಿ, ಅಲ್ಲಿ ಬಯಾಪ್ಸಿ ಬೇಕು, ಕಿಡ್ನಿಗೆ ಅಪಾಯ ನಿಜವಾಗಿಯೂ ಇರುತ್ತದೆ. ಅಂಥ ಮಗುವಿಗೆ ಪ್ರಯಾಣ ಎಷ್ಟೇ ಕಷ್ಟವಾದರೂ ಮುಂದೂಡಬಾರದು. ನಿಮ್ಮ ಮಗ ಸದ್ಯಕ್ಕೆ ಆ ಗುಂಪಿನಲ್ಲಿಲ್ಲ.

ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಮರುಕಳಿಸಿದರೆ, ಅಥವಾ ದಿನ ಬಿಟ್ಟು ದಿನ ಮಾತ್ರೆ ನಡೆಯುತ್ತಿರುವಾಗಲೇ ಮತ್ತೆ ಮತ್ತೆ ಬಂದರೆ, ಸ್ಟೀರಾಯ್ಡ್ ಹೊರೆ ಇಳಿಸುವ ಬೇರೆ ಔಷಧಿ ಬೇಕಾಗುತ್ತದೆ. ಆಗಲೂ ಕೈ ಚೆಲ್ಲಬೇಡಿ. ಲೆವಮಿಸೋಲ್ ಮೂಲತಃ ಜಂತುಹುಳದ ಔಷಧಿ, ಬಾಯಿಂದ ಕೊಡುವಂಥದ್ದು. ಸಿಗುವ ಕಡೆ ಎಷ್ಟೋ ಮಕ್ಕಳನ್ನು ಮರುಕಳಿಸದಂತೆ ಕಾಪಾಡುತ್ತದೆ. ಕೆಲವು ತಿಂಗಳಿಗೊಮ್ಮೆ ರಕ್ತಕಣದ ಎಣಿಕೆ ನೋಡಿಸಿದರೆ ಆಯಿತು. ಸೈಕ್ಲೋಫಾಸ್ಫಮೈಡ್ ಹಳೆಯ ಔಷಧಿ. 8ರಿಂದ 12 ವಾರದ ಒಂದೇ ಕೋರ್ಸ್, ಆ ಅವಧಿಯಲ್ಲಿ ರಕ್ತ ಪರೀಕ್ಷೆ ಪದೇ ಪದೇ ಬೇಕು. ಹೊಸ, ದುಬಾರಿ ಔಷಧಿಗಳೂ ಇವೆ. ಆದರೆ ಅವು ಕೈಗೆ ಸಿಗಲಿಲ್ಲ ಅಂದ ಮಾತ್ರಕ್ಕೆ ಮಗುವಿಗೆ ಅನ್ಯಾಯ ಮಾಡುತ್ತಿದ್ದೀರಿ ಅಂತ ಅಂದುಕೊಳ್ಳಬೇಡಿ.

ಕಾಯಿಲೆ ಹಿಡಿತದಲ್ಲಿರುವಾಗ ಅವನನ್ನು ಶಾಲೆಗೆ ಕಳಿಸಿ, ಆಡಲು ಬಿಡಿ. ಹಾಸಿಗೆಯಲ್ಲಿ ಮಲಗಿಸಿಟ್ಟರೆ ಸೋರಿಕೆ ನಿಲ್ಲುವುದಿಲ್ಲ, ಬದಲಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಮೂತ್ರ ಕಾಯಿಸಿದ ಮೇಲೆ ಪುಟದಲ್ಲಿ ಸೊನ್ನೆ ಬರೆಯುವ ಕೆಲಸ ಅವನಿಗೇ ಕೊಡಿ, ಐದು ವರ್ಷದ ಮಕ್ಕಳು ಅದನ್ನು ತುಂಬ ಜವಾಬ್ದಾರಿಯಿಂದ ಮಾಡುತ್ತಾರೆ. ನಾಳೆ ಬೆಳಗಿನ ಮೂತ್ರದಿಂದಲೇ ಶುರುಮಾಡಿ. ಇವತ್ತು ಸಂಜೆಯೊಳಗೆ ಡಾಕ್ಟರ್ ಹತ್ತಿರ ಹೋಗಿ, ಅವನ ಊತವಿಲ್ಲದ ಹಳೆಯ ತೂಕ ಎಷ್ಟಿತ್ತು ಅಂತ ಹಳೆಯ ಚೀಟಿಗಳಲ್ಲಿ ಹುಡುಕಿಸಿ. ಮೊದಲ ಪುಟದಲ್ಲಿ ಮೊದಲು ಬರೆಯಬೇಕಾದ ಅಂಕಿ ಅದು.